ಮಕ್ಕಳ ಕೋಚ್ ಆಗಿ ಫಸ್ಟ್ ಏಡ್: ನಾನು ಹೇಗೆ ಮಾಡ್ತೀನಿ

ನಾನು ಮಕ್ಕಳಿಗೆ ಫುಟ್‌ಬಾಲ್ ಕೋಚಿಂಗ್ ಮಾಡ್ತೀನಿ, ಹೊಸ ವಾಲಂಟಿಯರ್ ಯಾರೇ ಬಂದ್ರೂ ಮೊದ್ಲು ಕೇಳೋದು ಫಸ್ಟ್ ಏಡ್ ಬ್ಯಾಗ್‌ನಲ್ಲಿ ಏನೇನಿರ್ಬೇಕು ಅಂತ. ಬ್ಯಾಗ್ ಬೇಕು ಸರಿ, ಆದ್ರೆ ಅದಕ್ಕೂ ಮುಂಚೆ ತೀರ್ಮಾನ ಆಗಿರ್ಬೇಕಾದ ಬೇರೆ ವಿಷ್ಯಗಳಿವೆ. ಮಗು ಬಿದ್ರೆ ಹತ್ರ ಹೋಗೋರು ಯಾರು, ಫೋನ್ ಮಾಡೋರು ಯಾರು, ಉಳಿದ ಮಕ್ಕಳನ್ನ ಆ ಕಡೆ ಕರ್ಕೊಂಡು ಹೋಗೋರು ಯಾರು, ಆಂಬುಲೆನ್ಸ್ ಯಾವ ಗೇಟಿಂದ ಒಳಗೆ ಬರ್ಬೋದು, ಆ ಗೇಟಿನ ಕೀ ಯಾರ ಹತ್ರ ಇದೆ. ಇವನ್ನ ಪ್ರಾಕ್ಟೀಸ್ ಶುರು ಆಗೋಕೆ ಮುಂಚೆ ನಿಂತ್ಕೊಂಡೇ ಮಾತಾಡ್ಬಿಡ್ತೀವಿ, ಹೆಸರು ಹಿಡ್ದು ಹೇಳ್ತೀನಿ, ನೀನು ಫೋನ್, ನೀನು ಗೇಟ್ ಅಂತ. "ಯಾರಾದ್ರೂ ಫೋನ್ ಮಾಡಿ" ಅಂತ ಕೂಗಿದ್ರೆ ಎಲ್ರೂ ಪಕ್ಕದವ್ರು ಮಾಡ್ತಾರೆ ಅಂದ್ಕೋತಾರೆ, ಕೊನೆಗೆ ಯಾರೂ ಮಾಡಿರಲ್ಲ.

ಸೀಸನ್ ಶುರುವಲ್ಲೇ ಪ್ರತಿ ಮಗುವಿನ ಪೇರೆಂಟ್ಸ್ ಹತ್ರ ಒಂದು ಹಾಳೆ ತುಂಬಿಸ್ಕೋತೀನಿ, ಆಸ್ತಮಾ, ಅಲರ್ಜಿ, ಫಿಟ್ಸ್, ಶುಗರ್, ದಿನಾ ತಗೊಳ್ಳೋ ಮಾತ್ರೆ, ಎರಡು ಫೋನ್ ನಂಬರ್. ಆಸ್ತಮಾ ಇರೋ ಮಗುವಿನ ಇನ್‌ಹೇಲರ್ ಮೈದಾನದ ಗೆರೆ ಪಕ್ಕದಲ್ಲೇ ಇರ್ಬೇಕು, ಬೀಗ ಹಾಕಿದ ಕಾರಲ್ಲಿ ಇದ್ರೆ ಇದ್ದೂ ಇಲ್ಲದ ಹಾಗೆ. ಉಸಿರು ಕಟ್ಟಿದ ಮಗುನ ಮಲಗಿಸ್ಬಾರ್ದು, ನೆಟ್ಟಗೆ ಕೂರಿಸಿ ಸ್ಪೇಸರ್ (ಇನ್‌ಹೇಲರ್‌ಗೆ ಸಿಕ್ಕಿಸೋ ಕೊಳವೆ) ಹಾಕಿ ಇನ್‌ಹೇಲರ್ ಕೊಡ್ಬೇಕು, ಒಂದೊಂದೇ ಪಫ್. ಅದರಿಂದ್ಲೂ ಕಮ್ಮಿ ಆಗ್ಲಿಲ್ಲ, ಒಂದು ವಾಕ್ಯ ಪೂರ್ತಿ ಮಾತಾಡೋಕೆ ಆಗ್ತಿಲ್ಲ ಅಂದ್ರೆ ಆಂಬುಲೆನ್ಸ್ ಕರೀರಿ, ಕಾದು ನೋಡೋ ವಿಷ್ಯ ಅಲ್ಲ.

ಮಗು ಬಿತ್ತು ಅಂದ ತಕ್ಷಣ ದೊಡ್ಡವ್ರಿಗೆ ಓಡ್ಹೋಗಿ ಎತ್ತಿ ನಿಲ್ಲಿಸ್ಬೇಕು ಅನ್ಸುತ್ತೆ, ಪ್ರೀತಿಯಿಂದ್ಲೇ ಮಾಡೋದು, ಆದ್ರೆ ನಮ್ಮ ಟೀಮ್‌ನಲ್ಲಿ ಅದಕ್ಕೆ ಬಿಡಲ್ಲ. ಹತ್ರ ಹೋಗಿ ಮಂಡಿಯೂರಿ ಕೂತ್ಕೊಂಡು ಮಾತಾಡಿಸ್ತೀನಿ, ಎಲ್ಲಿ ನೋವು, ಏನಾಯ್ತು, ಕೈಕಾಲು ಜುಮ್ ಅಂತಿದ್ಯಾ. ಕತ್ತು ನೋವು ಅಂದ್ರೆ ಇಲ್ಲಾ ಕೈಕಾಲಲ್ಲಿ ಶಕ್ತಿ ಇಲ್ಲ ಅಂದ್ರೆ ತಲೆನ ಎರಡೂ ಕೈಯಲ್ಲಿ ಇದ್ದ ಹಾಗೇ ಹಿಡ್ಕೊಂಡು ಆಂಬುಲೆನ್ಸ್ ಬರೋವರ್ಗೂ ಅಲ್ಲೇ ಇರ್ತೀನಿ, ಮ್ಯಾಚ್ ನಿಂತ್ರೆ ನಿಲ್ಲಲಿ. ಉಸಿರಾಟವೇ ಸರಿ ಇಲ್ಲ ಅಂದ್ರೆ ಮಾತ್ರ ಲೆಕ್ಕ ಬೇರೆ, ಆಗ ಉಸಿರು ಮೊದ್ಲು.

ನಂಗೆ ತುಂಬಾ ಮುಖ್ಯ ಅನ್ಸೋದು ತಲೆಗೆ ಬೀಳೋ ಏಟು, ಯಾಕಂದ್ರೆ ಅದು ಕಣ್ಣಿಗೆ ಕಾಣಲ್ಲ. ಒಂದ್ಸಲ ಇಬ್ರು ಹುಡುಗ್ರು ಒಂದೇ ಬಾಲ್‌ಗೆ ಹೆಡ್ ಮಾಡೋಕೆ ಹಾರಿ ತಲೆಗೆ ತಲೆ ಹೊಡ್ಕೊಂಡ್ರು. ಒಬ್ಬ ಎದ್ದು ನಿಂತ, ರಕ್ತ ಇಲ್ಲ, ಊತ ಇಲ್ಲ, ನಗ್ತಾನೂ ಇದ್ದ, "ನಂಗೇನೂ ಆಗಿಲ್ಲ ಸರ್" ಅಂದ. ಸ್ಕೋರ್ ಎಷ್ಟು ಅಂತ ಕೇಳ್ದೆ, ಸ್ವಲ್ಪ ಯೋಚಿಸಿ ಸರಿಯಾಗೇ ಹೇಳ್ದ. ಆಮೇಲೆ ಅವನೇ ನನ್ನ ಕೇಳ್ದ, "ಸರ್, ಇದು ಫಸ್ಟ್ ಹಾಫಾ?" ಅಂತ, ಉತ್ತರ ಕೊಟ್ಟೆ, ಅರ್ಧ ನಿಮಿಷ ಆಗಿಲ್ಲ ಮತ್ತೆ ಅದೇ ಪ್ರಶ್ನೆ. ಅಷ್ಟೇ ಸಾಕಾಯ್ತು, ಆವತ್ತಿನ ಆಟ ಅವನಿಗೆ ಮುಗೀತು. ಅವರಪ್ಪ ಬಂದು ಇನ್ನು ಹತ್ತು ನಿಮಿಷ ಅಷ್ಟೇ ಇರೋದು, ಹುಡುಗ ಚೆನ್ನಾಗೇ ಇದಾನಲ್ಲ, ಬಿಡಿ ಅಂದ್ರು. ನಾನು ವಾದಕ್ಕೆ ಇಳೀಲಿಲ್ಲ, ಸೀಸನ್ ಶುರುವಲ್ಲಿ ಅವರೂ ಸಹಿ ಹಾಕಿದ ರೂಲ್ ಅದು: ತಲೆಗೆ ಏಟು ಬಿದ್ದು ಸ್ವಲ್ಪ ಅನುಮಾನ ಬಂದ್ರೂ ಅದೇ ದಿನ ವಾಪಸ್ ಇಳಿಸೋದಿಲ್ಲ. ಮ್ಯಾಚ್ ಮಧ್ಯೆ, ಎಲ್ರೂ ಕೂಗ್ತಿರೋವಾಗ ಇಂಥ ತೀರ್ಮಾನ ತಗೊಳ್ಳೋಕೆ ಹೋದ್ರೆ ಯಾರೇ ಆದ್ರೂ ಸಡಿಲ ಆಗ್ಬಿಡ್ತಾರೆ, ಅದಕ್ಕೇ ಮೊದ್ಲೇ ಬರ್ದಿಡೋದು.

ಕನ್‌ಕಶನ್, ಅಂದ್ರೆ ಏಟಿಗೆ ಮಿದುಳು ಅಲುಗಿ ಆಗೋ ತೊಂದ್ರೆ, ಆದವ್ರಲ್ಲಿ ಹೆಚ್ಚಿನವ್ರಿಗೆ ಪ್ರಜ್ಞೆ ತಪ್ಪೋದೇ ಇಲ್ಲ, ಹಾಗಾಗಿ ಪ್ರಜ್ಞೆ ಇತ್ತಲ್ಲ ಅನ್ನೋದು ಸಮಾಧಾನದ ಮಾತಲ್ಲ. ತಲೆನೋವು, ತಲೆಸುತ್ತು, ಮಂಕು, ಕಣ್ಣು ಮಂಜು, ಕೇಳಿದ್ದಕ್ಕೆ ನಿಧಾನವಾಗಿ ಉತ್ತರ ಕೊಡೋದು, ಬ್ಯಾಲೆನ್ಸ್ ತಪ್ಪೋದು, ಇದ್ರಲ್ಲಿ ಒಂದು ಕಂಡ್ರೂ ಹೊರಗೆ. ಮಿದುಳು ಸುಧಾರಿಸ್ಕೊಳ್ಳೋಕೆ ಮುಂಚೆ ಇನ್ನೊಂದು ಏಟು ಬಿದ್ರೆ ಊತ ಬಂದು ಪ್ರಾಣಕ್ಕೇ ಅಪಾಯ ಆಗ್ಬೋದು, ಅಪರೂಪ ನಿಜ, ಆದ್ರೆ ಮಕ್ಕಳಲ್ಲೇ ಅದರ ಭಯ ಜಾಸ್ತಿ. ಮತ್ತೆ ಮತ್ತೆ ವಾಂತಿ, ಹೆಚ್ಚಾಗ್ತಾ ಹೋಗೋ ತಲೆನೋವು, ಎಬ್ಬಿಸಿದ್ರೂ ಏಳದಷ್ಟು ನಿದ್ದೆ, ಒಂದು ಕಣ್ಣಿನ ಪಾಪೆ ದೊಡ್ಡದಾಗೋದು, ಫಿಟ್ಸ್, ಮಾತು ತೊದಲೋದು, ಇವು ಕಂಡ್ರೆ ಸೀದಾ ಎಮರ್ಜೆನ್ಸಿ. ಇವ್ಯಾವೂ ಇಲ್ಲದಿದ್ರೂ ಡಾಕ್ಟರ್‌ಗೆ ತೋರಿಸೇ ತೋರಿಸ್ಬೇಕು, ಅಲ್ಲೀವರ್ಗೂ ಮಗುನ ಒಂಟಿಯಾಗಿ ಬಿಡ್ಬಾರ್ದು, ಸೈಕಲ್ ಮೇಲೆ ಮನೆಗೆ ಕಳಿಸ್ಬಾರ್ದು. ಮೊದಲ 24 ರಿಂದ 48 ಗಂಟೆ ಆರಾಮಾಗಿರ್ಲಿ, ಮನೆಯೊಳಗೆ ಓಡಾಡ್ಕೊಂಡಿರೋದು ಪರ್ವಾಗಿಲ್ಲ, ಮೊಬೈಲು ಟಿವಿ ಕಮ್ಮಿ. ಆಮೇಲೆ ಮೊದ್ಲು ಸ್ಕೂಲು, ನಂತರ ನಿಧಾನ ಓಟ, ಆಮೇಲೆ ಬಾಲ್ ಜೊತೆ ಡ್ರಿಲ್, ಒಂದೊಂದು ಮೆಟ್ಟಿಲಿಗೂ ಕನಿಷ್ಠ 24 ಗಂಟೆ ಗ್ಯಾಪ್, ಡಿಕ್ಕಿ ಆಗೋ ಸಾಧ್ಯತೆ ಇರೋ ಆಟಕ್ಕೆ ಡಾಕ್ಟರ್ ಒಪ್ಪಿಗೆ ಇಲ್ದೆ ಇಳಿಸಲ್ಲ.

ಬಿಸಿಲು ಇನ್ನೊಂದು. ಓಡ್ತಿದ್ದ ಮಗು ತೂರಾಡೋಕೆ, ಏನೇನೋ ಮಾತಾಡೋಕೆ, ಸುಮ್ಸುಮ್ನೆ ಸಿಟ್ಟು ಮಾಡೋಕೆ ಶುರು ಮಾಡ್ತು ಅಂದ್ರೆ ಹೀಟ್ ಸ್ಟ್ರೋಕ್ ಅಂತ್ಲೇ ತಿಳ್ಕೊಳ್ಳಿ, ಮೈ ಒಳಗಿನ ಬಿಸಿ 40 ಡಿಗ್ರಿ ದಾಟಿರುತ್ತೆ. ಬೆವರ್ತಾ ಇದಾನಲ್ಲ, ಹೀಟ್ ಸ್ಟ್ರೋಕ್ ಇರಲ್ಲ ಅಂತ ತುಂಬಾ ಜನ ಹೇಳ್ತಾರೆ, ಅದು ತಪ್ಪು, ಆಡ್ತಾ ಬರೋ ಹೀಟ್ ಸ್ಟ್ರೋಕ್‌ನಲ್ಲಿ ಬೆವರು ಇದ್ದೇ ಇರ್ಬೋದು. ಆಂಬುಲೆನ್ಸ್‌ಗೆ ಫೋನ್ ಮಾಡಿ, ಆದ್ರೆ ಅದು ಬರ್ಲಿ ಅಂತ ಕಾಯ್ಬೇಡಿ, ಅಲ್ಲೇ ತಣ್ಣಗೆ ಮಾಡೋದೇ ಚಿಕಿತ್ಸೆ. ಬಿಸಿಲಿನ ದಿನ ನಾವು ದೊಡ್ಡ ಟಬ್ ತುಂಬಾ ನೀರು, ಪಕ್ಕದಲ್ಲಿ ಐಸ್ ಇಟ್ಟೇ ಆಟ ಶುರು ಮಾಡೋದು, ಕತ್ತಿನ ತನಕ ಮುಳುಗಿಸಿ ಒಬ್ರು ತಲೆ ಹಿಡ್ಕೊಂಡಿರ್ಬೇಕು. ಟಬ್ ಇಲ್ಲ ಅಂದ್ರೆ ಐಸ್ ನೀರಲ್ಲಿ ಅದ್ದಿದ ಟವೆಲ್‌ಗಳನ್ನ ಮೈ ತುಂಬಾ ಹಾಕಿ, ಬಿಸಿ ಆದ ಹಾಗೆ ಬದಲಾಯಿಸ್ತಾ ಇರಿ, ಗಾಳಿ ಬೀಸಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡಲ್ಲ. ಮಂಕಾಗಿರೋ ಮಗುವಿನ ಬಾಯಿಗೆ ನೀರು ಹಾಕ್ಬೇಡಿ, ಶ್ವಾಸಕ್ಕೆ ಹೋಗುತ್ತೆ.

ಯಾರೂ ತಾಗದೇ ಮಗು ಕುಸಿದು ಬಿದ್ರೆ, ಇಲ್ಲಾ ಎದೆಗೆ ಬಾಲ್ ಬಡಿದ ತಕ್ಷಣ ಬಿದ್ರೆ, ಹೃದಯ ನಿಂತಿರ್ಬೋದು ಅಂತ ಮೊದ್ಲು ಯೋಚಿಸ್ಬೇಕು. ಕರೆದ್ರೆ ಓಗೊಡಲ್ಲ, ಉಸಿರು ಇರಲ್ಲ, ಅಥವಾ ಗೊರಗೊರ ಅಂತ ಅಪರೂಪಕ್ಕೊಂದು ಎಳೆತ, ಕೈಕಾಲು ಸ್ವಲ್ಪ ಅದುರ್ಬೋದು, ಅದನ್ನ ಫಿಟ್ಸ್ ಅಂದ್ಕೊಂಡು ಸುಮ್ನೆ ನಿಂತ್ರೆ ಹೊತ್ತು ಹೋಗುತ್ತೆ. ಎದೆ ಮಧ್ಯದ ಮೂಳೆ ಮೇಲೆ ಸುಮಾರು 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100 ರಿಂದ 120 ಸಲ ಒತ್ತಬೇಕು, ಕಲಿತಿದ್ರೆ 30 ಒತ್ತಿಗೆ 2 ಉಸಿರು ಕೊಡಿ, ಇಲ್ಲಾಂದ್ರೆ ಬರೀ ಒತ್ತೋದಾದ್ರೂ ನಿಲ್ಲಿಸ್ಬೇಡಿ. ಅಷ್ಟರಲ್ಲಿ ಇನ್ನೊಬ್ರು ಎಇಡಿ (ಹೃದಯಕ್ಕೆ ಶಾಕ್ ಕೊಡೋ ಚಿಕ್ಕ ಮೆಷಿನ್) ತರ್ಲಿ, ಆನ್ ಮಾಡಿದ್ರೆ ಆ ಮೆಷಿನ್ನೇ ಏನು ಮಾಡ್ಬೇಕು ಅಂತ ಹೇಳುತ್ತೆ, ಶಾಕ್ ಬೇಡದಿದ್ರೆ ಕೊಡೋದೂ ಇಲ್ಲ. ಹೊಸ ಮೈದಾನಕ್ಕೆ ಹೋದ್ರೆ ನಾನು ಟಾಯ್ಲೆಟ್ ಎಲ್ಲಿ ಅಂತ ಕೇಳೋ ಮುಂಚೆ ಎಇಡಿ ಎಲ್ಲಿದೆ ಅಂತ ಕೇಳ್ತೀನಿ. ಸಿಪಿಆರ್ (ಹೀಗೆ ಎದೆ ಒತ್ತಿ ಉಸಿರು ಕೊಡೋದು) ಓದಿ ಬರೋದಲ್ಲ ಕಣ್ರೀ, ಬೊಂಬೆ ಮೇಲೆ ಕೈ ಹಾಕಿ ಒತ್ತಿ ನೋಡ್ಬೇಕು, ಎಷ್ಟು ಜೋರಾಗಿ ಒತ್ತಬೇಕು ಅನ್ನೋದು ಆಗ್ಲೇ ಗೊತ್ತಾಗೋದು.

ದಿನಾ ಬರೋವು ಚಿಕ್ಕಪುಟ್ಟವು. ಮೂಗಲ್ಲಿ ರಕ್ತ ಬಂದ್ರೆ ತಲೆ ಮುಂದಕ್ಕೆ ಬಗ್ಗಿಸಿ, ಮೂಗಿನ ಮೆತ್ತನೆ ಭಾಗ ಒತ್ತಿ ಹಿಡ್ದು 10 ನಿಮಿಷ, ಮಧ್ಯೆ ಬಿಟ್ಟು ನಿಂತಿದ್ಯಾ ಅಂತ ನೋಡ್ಬಾರ್ದು. ಕಾಲು ಉಳುಕಿದ್ರೆ ಬಟ್ಟೇಲಿ ಸುತ್ತಿದ ಐಸ್ 15-20 ನಿಮಿಷ, ನಾಲ್ಕು ಹೆಜ್ಜೆ ಇಡೋಕೂ ಆಗ್ತಿಲ್ಲ ಅಂದ್ರೆ ಎಕ್ಸ್‌ರೇ. ಶಾಶ್ವತ ಹಲ್ಲು ಕಿತ್ತು ಬಿದ್ರೆ ಬೇರಿನ ಭಾಗ ಮುಟ್ಬೇಡಿ, ಬಿಳಿ ಭಾಗ ಹಿಡ್ದು ಗಲೀಜಿದ್ರೆ ಬೇಗ ಒಂದ್ಸಲ ತೊಳ್ದು ವಾಪಸ್ ಅದೇ ಜಾಗದಲ್ಲಿ ಕೂರಿಸಿ, ಆಗ್ಲಿಲ್ಲ ಅಂದ್ರೆ ಹಾಲಲ್ಲಿ ಹಾಕ್ಕೊಂಡು ಡೆಂಟಿಸ್ಟ್ ಹತ್ರ ಓಡಿ, ಹಾಲುಹಲ್ಲಾದ್ರೆ ಮಾತ್ರ ವಾಪಸ್ ಕೂರಿಸ್ಬಾರ್ದು.

ಏನೇ ಆಗ್ಲಿ, ಅವತ್ತೇ ಸಂಜೆ ಪೇರೆಂಟ್ಸ್‌ಗೆ ನಾನೇ ಫೋನ್ ಮಾಡ್ತೀನಿ, ಎಷ್ಟೊತ್ತಿಗೆ ಏನಾಯ್ತು, ನಾವೇನು ಮಾಡಿದ್ವಿ, ರಾತ್ರಿ ಏನು ಗಮನಿಸ್ಬೇಕು ಅಂತ ಹೇಳಿ, ಅದನ್ನೇ ಬರ್ದು ಮೆಸೇಜೂ ಕಳಿಸ್ತೀನಿ, ಯಾಕಂದ್ರೆ ಗಾಬರೀಲಿ ಕೇಳಿದ್ದು ಅರ್ಧ ಮರ್ತೋಗುತ್ತೆ, ಡಾಕ್ಟರ್ ಕೇಳಿದ್ರೆ ತೋರಿಸೋಕೂ ಆಗುತ್ತೆ. ಆಮೇಲೆ ಬ್ಯಾಗ್‌ನಿಂದ ಏನೇನು ಖರ್ಚಾಗಿದೆ, ಗ್ಲೌಸು, ಗಾಜ್ ಬಟ್ಟೆ, ಬ್ಯಾಂಡೇಜು, ಅದನ್ನ ಆವತ್ತೇ ವಾಪಸ್ ತುಂಬಿಡ್ತೀನಿ.