ವಿನೆಗರ್‌ನಲ್ಲಿ ಕಚ್ಚಿಸಿದ ಹ್ಯೂಡಿಬ್ರಾಸ್: ನನ್ನ ಅನುಭವ

ಕೊನೆಗೂ ಆ ಗೆರೆ ಬಂತು. 1726ರಲ್ಲಿ ಇಂಗ್ಲಿಷ್ ಚಿತ್ರಕಾರ ವಿಲಿಯಂ ಹೋಗಾರ್ತ್, ಸ್ಯಾಮ್ಯುಯೆಲ್ ಬಟ್ಲರ್‌ನ ಹ್ಯೂಡಿಬ್ರಾಸ್ ಎಂಬ ಅಣಕು ಕಾವ್ಯಕ್ಕೆ ಮಾಡಿದ, ತಾಮ್ರದ ತಗಡಿನಲ್ಲಿ ಗೆರೆ ಕೊರೆದು ಮಸಿ ತುಂಬಿ ಅಚ್ಚು ಹಾಕುವ ಪ್ಲೇಟ್‌ಗಳಲ್ಲಿ ಇರುವಂಥದ್ದು: ಸಣ್ಣಗೆ ಹೊರಟು, ಕೆನ್ನೆಯ ತಿರುವಿನಲ್ಲಿ ಉಬ್ಬಿ, ಮತ್ತೆ ಸಣ್ಣಗಾಗಿ ಮಾಯವಾಗುವ ಗೆರೆ. ಲಂಡನ್ನಿನಲ್ಲಿ ನಾನು ಹೋಗುವ ವರ್ಕ್‌ಶಾಪ್‌ನಲ್ಲಿ ಎಲ್ಲರದ್ದೂ ಒಂದೇ ಸಲಹೆ. ಬೆಳಕಿನಿಂದಲೇ ಚಿತ್ರ ಮೂಡಿಸುವ ಫೋಟೊಪಾಲಿಮರ್ ಪ್ಲೇಟ್ ಮಾಡು, ಮಧ್ಯಾಹ್ನದೊಳಗೆ ಮುಗಿಯುತ್ತೆ ಅಂತ. ಬೆಂಗಳೂರಿನ ಗೆಳೆಯನಿಗೆ ಫೋನಿನಲ್ಲಿ, ವಿನೆಗರ್, ಉಪ್ಪು ಹಾಕಿ ತಾಮ್ರದಲ್ಲಿ ಗೆರೆ ಕಚ್ಚಿಸುವ, ಅಂದರೆ ಕೊರೆಸುವ, ನನ್ನ ವಿಧಾನ ಹೇಳಿದೆ. "ಏನ್ ಗುರೂ, ತಾಮ್ರಕ್ಕೆ ಉಪ್ಪಿನಕಾಯಿ ಹಾಕ್ತಿದ್ದೀಯಾ?" ಅಂತ ನಕ್ಕ. ಈಗ ಅವನೇ ಒಂದು ಪ್ರಿಂಟ್ ಕಳಿಸು ಅಂತ ಗಂಟು ಬಿದ್ದಿದ್ದಾನೆ.

ದೊಡ್ಡ ಪ್ಲೇಟ್‌ಗಳು ಹನ್ನೆರಡಿವೆ. ನಾನು ಎತ್ತಿಕೊಂಡಿದ್ದು ಕಾವ್ಯದ ನಾಯಕ ಹ್ಯೂಡಿಬ್ರಾಸ್, ಅವನ ಸೇವಕ ರಾಲ್ಫೊ ಇಬ್ಬರೂ ಮರದ ಕೋಳದಲ್ಲಿ ಕಾಲು ಸಿಕ್ಕಿಸಿಕೊಂಡು ಕೂತಿರುವುದನ್ನ. ಹ್ಯೂಡಿಬ್ರಾಸ್ ಮದುವೆಯಾಗಬೇಕು ಅಂದುಕೊಂಡಿದ್ದ ವಿಧವೆ ನೋಡಲು ಬಂದಿದ್ದಾಳೆ. ಪೂರ್ತಿ ಚಿತ್ರಕ್ಕೆ ಕೈ ಹಾಕಲಿಲ್ಲ, ಎರಡು ಮುಖ ಮತ್ತು ಆ ಕೋಳ ಅಷ್ಟೇ. ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಿಂಟ್ ರೂಮಿನಲ್ಲಿ ಮೊದಲೇ ಹೇಳಿಟ್ಟರೆ ಮೂಲ ಪ್ರತಿಗಳನ್ನೇ ಮುಂದೆ ತಂದಿಡುತ್ತಾರೆ. ಲೆನ್ಸ್ ಹಿಡಿದು ಕೂತೆ. ಮುಖದ ತಮಾಷೆಯೆಲ್ಲ ಗೆರೆಯ ದಪ್ಪದಲ್ಲಿದೆ. ಗೆರೆ ಒಂದೇ ಸಮ ಆಯಿತೋ, ಅಣಕ ಹೋಗಿ ಬರೀ ದಪ್ಪ ಮನುಷ್ಯ ಉಳಿಯುತ್ತಾನೆ.

ಮೊದಲು ಎಲ್ಲರ ಹಾಗೆ ತಾಮ್ರವನ್ನು ಮುಚ್ಚಲು ಮೇಣದ ಲೇಪ (ಗ್ರೌಂಡ್), ಅದನ್ನು ಕೆರೆಯಲು ಉರುಟು ತುದಿಯ ಸೂಜಿ, ಕೆರೆದ ಕಡೆ ತಾಮ್ರ ಕಚ್ಚಲು ಫೆರಿಕ್ ಕ್ಲೋರೈಡ್. ಗೆರೆ ಸ್ವಚ್ಛವಾಗಿ ಬಂತು, ಆದರೆ ಸತ್ತ ಗೆರೆ. ನೈಟ್ರಿಕ್ ಆಸಿಡ್ ಕಡೆ ಹೋಗೋಣ ಅಂದರೆ ಇಲ್ಲಿ ಶೇ. 3ಕ್ಕಿಂತ ಗಟ್ಟಿಯಾದದ್ದನ್ನು ಸಾಮಾನ್ಯ ಜನ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ. ಅದೂ ಅಲ್ಲದೆ ಅದು ಗೆರೆಯ ಪಕ್ಕಕ್ಕೂ ಕಚ್ಚಿ ಅಗಲ ಮಾಡುತ್ತದೆ.

ಆಗ ಈ ಕಸುಬಿನ ಬಗ್ಗೆ ಇಂಗ್ಲಿಷ್ ಕೆತ್ತನೆಗಾರ ವಿಲಿಯಂ ಫೇಥಾರ್ನ್‌ನ 1662ರ ಪುಸ್ತಕ ತೆಗೆದೆ. ಅದರ ಬಹುಪಾಲು ಫ್ರಾನ್ಸಿನ ಅಬ್ರಹಾಂ ಬಾಸ್ 1645ರಲ್ಲಿ ಬರೆದದ್ದೇ. ಬಾಸ್‌ನ ಹಟ ಒಂದೇ: ಎಚಿಂಗ್ (ಹೀಗೆ ಕಚ್ಚಿಸಿದ ಗೆರೆ) ಕೂಡ ಎನ್‌ಗ್ರೇವಿಂಗ್ (ಕೈಯಿಂದ ಉಳಿ ಹಿಡಿದು ಕೆತ್ತಿದ ಗೆರೆ) ಹಾಗೆ ಕಾಣಬೇಕು. ಅದಕ್ಕೆ ಅಗಸೆ ಎಣ್ಣೆ, ಮಸ್ತಕಿ ಅಂಟು ಸೇರಿಸಿ ಕಾಯಿಸಿದ ಗಟ್ಟಿ ವಾರ್ನಿಷ್ ಹಚ್ಚಿ, ಪ್ಲೇಟನ್ನೇ ಬೇಯಿಸಬೇಕು. ಕೆರೆಯಲು ಎಶೊಪ್, ಅಂದರೆ ತುದಿಯನ್ನು ಓರೆಯಾಗಿ ತೇಯ್ದ ದಪ್ಪ ಸೂಜಿ. ತಿರುಗಿಸಿದ ಹಾಗೆ ಗೆರೆ ಉಬ್ಬುತ್ತದೆ, ಇಳಿಯುತ್ತದೆ. ನಾನು ಊರಿಂದ ತಂದಿದ್ದ ಗೋಣಿ ಹೊಲಿಯುವ ದಬ್ಬಳವನ್ನೇ ಸಾಣೆ ಕಲ್ಲಿಗೆ ತೇಯ್ದೆ. ಅಂಗಡಿಯ ಯಾವ ಸೂಜಿಯೂ ಅದರ ಮುಂದೆ ನಿಲ್ಲಲಿಲ್ಲ.

ದುಡ್ಡು ಹೋಗಿದ್ದು ವಾರ್ನಿಷ್‌ನಲ್ಲಿ. ಬೇಯುವುದು ಕಮ್ಮಿ ಆದರೆ ಅಂಟಂಟು, ಕೆರೆದ ಗೆರೆ ಸಂಜೆಗೆ ಮುಚ್ಚಿಕೊಳ್ಳುತ್ತಿತ್ತು. ಜಾಸ್ತಿ ಆದರೆ ಅಡ್ಡಗೆರೆಗಳು ಸೇರುವ ಕಡೆಯೆಲ್ಲ ಹಳೇ ಸುಣ್ಣದ ಗೋಡೆ ಹಾಗೆ ಉದುರುತ್ತಿತ್ತು. ಟರ್ಪೆಂಟೈನಿಗೆ ಅದು ಜಗ್ಗುವುದಿಲ್ಲ, ಇದ್ದಿಲಿನಿಂದ ಉಜ್ಜಿ ತೆಗೆಯಬೇಕು. ಚಿಕ್ಕ ತಾಮ್ರದ ಪ್ಲೇಟ್ ಒಂದಕ್ಕೆ ಸುಮಾರು 25 ಪೌಂಡ್. ಪ್ರೆಸ್ ಬಾಡಿಗೆ ಬೇರೆ. ಒಂದು ಒಳ್ಳೆ ಪ್ರೂಫ್, ಅಂದರೆ ಪರೀಕ್ಷೆಗೆ ತೆಗೆದ ಅಚ್ಚು, ಕಾಣುವ ಹೊತ್ತಿಗೆ 400 ಪೌಂಡ್ ಹತ್ತಿರ ಹತ್ತಿರ ಕರಗಿತ್ತು. ಎಷ್ಟು ಶಾಖ, ಎಷ್ಟು ಹೊತ್ತು ಅಂತ ಮಾತ್ರ ಕೇಳಬೇಡಿ. ಆ ದುಡ್ಡು ಕೊಟ್ಟು ಕಲಿತದ್ದು ಅದೊಂದೇ.

ಇನ್ನು ಕಚ್ಚಿಸುವ ನೀರು. ವಿನೆಗರ್, ಅಡುಗೆ ಉಪ್ಪು, ನವಸಾಗರ, ತಾಮ್ರದ ಕಿಲುಬು, ಇಷ್ಟೇ. ನಮ್ಮಲ್ಲಿ ಪಾತ್ರೆಗೆ ಕಲಾಯಿ ಹಾಕುವವರ ಹತ್ತಿರ ಇರುತ್ತಲ್ಲ, ಅದೇ ನವಸಾಗರ. ಕುದಿಸಿ, ಆರಿಸಿ, ಸೋಸಿ ಇಟ್ಟುಕೊಳ್ಳಬೇಕು. ಕಿಲುಬು ವಿಷ, ಅಡುಗೆಮನೆಯ ಹತ್ತಿರವೂ ಬೇಡ. ಪ್ಲೇಟನ್ನು ಇದರಲ್ಲಿ ಮುಳುಗಿಸುವುದಿಲ್ಲ. ಓರೆಯಾಗಿ ನಿಲ್ಲಿಸಿ, ಮೇಲಿಂದ ಸುರಿದು, ಕೆಳಗಿನ ತಟ್ಟೆಯಲ್ಲಿ ಹಿಡಿದು, ಮತ್ತೆ ಸುರಿಯಬೇಕು. ನಡುನಡುವೆ ಪ್ಲೇಟ್ ತಿರುಗಿಸಬೇಕು, ಇಲ್ಲದಿದ್ದರೆ ಕೆಳಗಿನ ಅರ್ಧ ಜಾಸ್ತಿ ಕಚ್ಚುತ್ತದೆ. ಕೈ ಬಿದ್ದುಹೋಗುವಷ್ಟು ನಿಧಾನ. ಆದರೆ ಗೆರೆಯ ಅಂಚು ನೋಡಬೇಕು ನೀವು! ನೇರ ಕೆಳಗಿಳಿದಿದೆ. ಯೋಚಿಸಿದರೆ ಆಶ್ಚರ್ಯವೇನಿಲ್ಲ, ಅದೂ ಕ್ಲೋರೈಡ್, ಫೆರಿಕ್ ಕೂಡ ಕ್ಲೋರೈಡ್. ಒಂದು ಹನಿ ಇನ್ನೊಂದು ವಸ್ತುವನ್ನೂ ಹಾಕುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಉಳಿದ ನೀರನ್ನು ಸುಮ್ನೆ ಒಂದು ಸತುವಿನ ಚೂರಿನ ಮೇಲೂ ಸುರಿದು ನೋಡಿದೆ. ನೊರೆ ಎದ್ದು, ಕ್ಷಣದಲ್ಲಿ ಕಪ್ಪು ಕೆಸರು ಕೂತಿತು. ಕಿಲುಬಿನಲ್ಲಿದ್ದ ತಾಮ್ರವೆಲ್ಲ ಸತುವಿನ ಮೇಲೆ ಇಳಿದಿತ್ತು. ಸತುವಿಗೆ ಈ ದಾರಿ ಇಲ್ಲ.

ಕಚ್ಚಿಸಿದ ಮೇಲೆ ಬ್ಯೂರಿನ್ (ಲೋಹ ಕೆತ್ತುವ ಉಳಿ) ಹಿಡಿದದ್ದು ಬಹಳ ಕಮ್ಮಿ ಕಡೆ. ಹುಬ್ಬಿನ ಕೆಳಗೆ, ಬಾಯಿಯ ಮೂಲೆಯಲ್ಲಿ, ಕೋಳದ ತೂತಿನ ನೆರಳಿನಲ್ಲಿ. ಹೋಗಾರ್ತ್ ಕೆಲಸ ಕಲಿತದ್ದು ಬೆಳ್ಳಿ ಪಾತ್ರೆಗಳ ಮೇಲೆ ಕೆತ್ತುವ ಎಲಿಸ್ ಗ್ಯಾಂಬಲ್ ಹತ್ತಿರ. ಆ ಕೈಗೆ ಬ್ಯೂರಿನ್ ಹೊಸದಲ್ಲ. ಆದರೂ ಕೆನ್ನೆಯ ಮೇಲೆ ಬ್ಯೂರಿನ್ ಜಾಸ್ತಿ ಆಡಿಸಿದರೆ ಮುಖ ನಾಣ್ಯದ ಮೇಲಿನ ರಾಜನದಾಗುತ್ತದೆ, ಹ್ಯೂಡಿಬ್ರಾಸ್‌ನದಲ್ಲ.

ನಕಲು ಮಾಡಿದೆ ಅಂತ ಮೂಗು ಮುರಿಯುವವರಿಗೆ ಒಂದು ಮಾತು. ಹೋಗಾರ್ತ್‌ನಂಥವರು ಓಡಾಡಿ 1735ರಲ್ಲಿ ಪಾರ್ಲಿಮೆಂಟಿನಿಂದ ಕಾಯ್ದೆ ಮಾಡಿಸಿ, ತಮ್ಮ ಪ್ರಿಂಟ್‌ಗಳಿಗೆ 14 ವರ್ಷದ ಹಕ್ಕು ಪಡೆದರು. ಅದೇ ಹೋಗಾರ್ತ್ ಹ್ಯೂಡಿಬ್ರಾಸ್‌ನ ಚಿಕ್ಕ ಪ್ಲೇಟ್‌ಗಳಿಗೆ 1710ರ ಮುದ್ರಣದ ಚಿತ್ರಗಳಿಂದ ಧಾರಾಳವಾಗಿ ಎತ್ತಿಕೊಂಡಿದ್ದಾನೆ! ನಾನಾದರೂ ಅಂಚಿನಲ್ಲಿ ಪೆನ್ಸಿಲ್‌ನಿಂದ ನನ್ನ ಹೆಸರು, ಇಸವಿ ಬರೆಯುತ್ತೇನೆ. ಬರೆಯಲೇಬೇಕಾಯಿತು ಕೂಡ. ಹಳೇ ಪ್ರಿಂಟ್ ಮಾರುವವರೊಬ್ಬರು ಸಹಿ ಇಲ್ಲದ ಪ್ರೂಫನ್ನು ಲೆನ್ಸ್‌ನಲ್ಲಿ ನೋಡಿ, ಹಳೇದೇ ಇರಬಹುದು ಅಂತ ಮಾತಾಡದೆ ಹಾಳೆಯನ್ನು ಬೆಳಕಿಗೆ ಹಿಡಿದು ವಾಟರ್‌ಮಾರ್ಕ್ ಹುಡುಕಿದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?

ಒಂದಕ್ಕೆ 40 ಪೌಂಡಿನಂತೆ ಒಂದಷ್ಟು ಹೋಗಿವೆ. ಹಾಕಿದ ದುಡ್ಡು ಇನ್ನೂ ಪೂರ್ತಿ ಬಂದಿಲ್ಲ. ಆದರೂ ಮುಂದಿನ ಪ್ಲೇಟಿಗೆ ತಾಮ್ರ ತಂದಾಗಿದೆ. ಗಂಡನಿಗೆ ಸೌಟಿನಿಂದ ಬಾರಿಸುವ ಹೆಂಡತಿಯನ್ನೂ ಅವನನ್ನೂ ಒಂದೇ ಕುದುರೆ ಮೇಲೆ ಕೂರಿಸಿ, ಲಂಗವನ್ನು ಬಾವುಟ ಮಾಡಿ ಊರವರು ತೆಗೆಯುವ ಸ್ಕಿಮಿಂಗ್ಟನ್ ಮೆರವಣಿಗೆ ಅದು. ಮುಖಗಳು ಅದರಲ್ಲಿ ಸಿಕ್ಕಾಪಟ್ಟೆ. ದಬ್ಬಳ ಇನ್ನೊಂದು ತೇಯಬೇಕು.