ಗಿರಣಿ ಹಲಗೆಯ ಮೂರು ಸಾಲು

ಗದಗ-ಬೆಟಗೇರಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಮಾವನವರು ಹಾಕಿದ್ದು. ಅವರ ನಂತರ ನಮ್ಮ ಮನೆಯವರು ನೋಡಿಕೊಂಡರು, ಈಗ ಜಾಸ್ತಿ ನಾನೇ ಕೂರುತ್ತೇನೆ. ಜೋಳ, ಗೋಧಿ, ಸಜ್ಜೆ, ಕಡಲೆಬೇಳೆ ಬೀಸುತ್ತೇವೆ. ಖಾರಕ್ಕೆ ಬೇರೆ ಯಂತ್ರ. ಬಾಗಿಲ ಪಕ್ಕದಲ್ಲಿ ಒಂದು ಕರಿ ಹಲಗೆ ನೇತುಹಾಕಿದ್ದೇವೆ. ಅದರ ಮೇಲೆ ಕಾಳಿನ ಹೆಸರು, ಎದುರಿಗೆ ಕೆಜಿಗೆ ಎಷ್ಟು ಅಂತ ದರ. ಕೆಳಗೆ ಒಂದು ಗೇಣು ಜಾಗ ಯಾವಾಗಲೂ ಖಾಲಿ ಉಳಿಯುತ್ತಿತ್ತು. ಆ ಒಂದು ಗೇಣಿನಲ್ಲಿ ನಾನು ದಿನಾ ಬೆಳಗ್ಗೆ ಮೂರು ಸಾಲು ಪದ್ಯ ಬರೆಯುತ್ತೇನೆ.

ಶುರುವಾಗಿದ್ದು 2020ರ ಬೇಸಿಗೆಯಲ್ಲಿ. ಲಾಕ್‌ಡೌನ್ ಇತ್ತು. ಬೆಳಗ್ಗೆ ಕೆಲವು ತಾಸು ಮಾತ್ರ ಗಿರಣಿ ತೆರೆಯುತ್ತಿದ್ದೆವು. ಅಂಗಳದಲ್ಲಿ ಸುಣ್ಣದಿಂದ ಸುತ್ತು ಹಾಕಿದ್ದೆ, ಒಬ್ಬೊಬ್ಬರು ಒಂದೊಂದು ಸುತ್ತಿನಲ್ಲಿ ಡಬ್ಬಿ ಹಿಡಿದು ನಿಲ್ಲುತ್ತಿದ್ದರು. ಗಿರಣಿ ಅಂದರೆ ಮಾತಿನ ಜಾಗ. ಮಗಳ ಹೆರಿಗೆ, ಸೊಸೆಯ ಸಿಟ್ಟು, ಎಮ್ಮೆಯ ಹಾಲು, ಎಲ್ಲಾ ಸುದ್ದಿ ಇಲ್ಲೇ ಬೀಸಿಕೊಂಡು ಹೋಗುತ್ತದೆ. ಆವತ್ತು ಯಾರೂ ಮಾತಾಡುತ್ತಿರಲಿಲ್ಲ. ಮುಖಕ್ಕೆ ಸೆರಗು, ಕಣ್ಣು ನೆಲದ ಮೇಲೆ. ಮೋಟಾರು ನಿಲ್ಲಿಸಿದಾಗ ಆ ಸುಮ್ಮನಿರುವಿಕೆ ನನಗೆ ತಡೆಯಲಾಗಲಿಲ್ಲ.

ಆಗ ನೆನಪಾದದ್ದು ನಮ್ಮ ಆಯಿ. ಅವಳ ಮನೆಯಲ್ಲಿ ಬೀಸುವ ಕಲ್ಲಿತ್ತು. ನಸುಕಿನಲ್ಲಿ ಎದ್ದು, ಒಂದು ಕಾಲು ಚಾಚಿ, ಇನ್ನೊಂದು ಮಡಚಿ ಕೂತು ಗೂಟ ಹಿಡಿಯುತ್ತಿದ್ದಳು. ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ, ಒಂದು ಸಾಲು ಅವಳ ಬಾಯಿಂದ. ಎರಡಕ್ಕೂ ಒಂದೇ ಲಯ. ನಾನು ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದೆ.

ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಲಿ
ಎಳ್ಳು ಜೀರಿಗೆ ಬೆಳೆಯೋಳ ಭೂಮಿತಾಯಿ
ಎದ್ದೊಂದು ಗಳಿಗೆ ನೆನೆದೇನ

ಈ ಪದ ಗೊತ್ತಿಲ್ಲದವರು ನಮ್ಮ ಕಡೆ ಕಡಿಮೆ. ಆವತ್ತು ಇದನ್ನೇ ಹಲಗೆಯ ಮೇಲೆ ಬರೆದೆ. ಮೂರನೇ ಸುತ್ತಿನಲ್ಲಿ ನಿಂತಿದ್ದ ಹೆಣ್ಣುಮಗಳು ತಲೆ ಎತ್ತಿ ಓದಿದಳು. ಸೆರಗಿನ ಒಳಗೇ ಗುನುಗಿದಳು. ಹಿಂದಿನ ಸುತ್ತಿನವಳು, "ನಮ್ಮ ಅವ್ವನೂ ಇದನ್ನ ಹಾಡತಿದ್ದಳವಾ" ಅಂದಳು. ಅಷ್ಟೇ. ಸಾಲಿನಲ್ಲಿ ಮಾತು ಶುರುವಾಯಿತು.

ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಆ ಪದಗಳನ್ನು ನಿಲ್ಲಿಸಿದ್ದು ನಮ್ಮ ಗಿರಣಿಯೇ ಅಲ್ವಾ? ಮೋಟಾರು ಬಂತು, ಬೀಸುವ ಕಲ್ಲು ಹಿತ್ತಲಿಗೆ ಹೋಯಿತು, ಜೊತೆಗೆ ಹಾಡೂ ಹೋಯಿತು. ಹೆಂಗಸರ ರಟ್ಟೆಗೆ ಆರಾಮ ಸಿಕ್ಕಿತು, ಅದು ಒಳ್ಳೆಯದೇ. ಆದರೆ ಹಾಡನ್ನಾದರೂ ವಾಪಸ್ ಕೊಡುವುದು ನನ್ನ ಮೇಲಿನ ಸಾಲ ಅನ್ನಿಸಿತು. ಧಾರವಾಡಕ್ಕೆ ಹೋದಾಗ, ಹಲಸಂಗಿ ಗೆಳೆಯರು ಅನ್ನುವ ಬರಹಗಾರರ ಬಳಗ ಕೂಡಿಸಿದ ಜನಪದ ಹಾಡುಗಳ ಪುಸ್ತಕ 'ಗರತಿಯ ಹಾಡು' ತಂದೆ. 1931ರಲ್ಲಿ ಮೊದಲು ಬಂದದ್ದು. ಅದರಿಂದ ಕೆಲವು ತಿಂಗಳು ಹಲಗೆ ನಡೆಯಿತು. ಆಮೇಲೆ ನಾನೇ ಕಟ್ಟೋಣ ಅನ್ನುವ ಧೈರ್ಯ ಬಂತು.

ಈ ಮೂರು ಸಾಲಿನ ಪದ್ಯಕ್ಕೆ ತ್ರಿಪದಿ ಅಂತಾರೆ. ಅದನ್ನೇ ಯಾಕೆ ಹಿಡಿದೆ ಅಂದರೆ, ಮೊದಲನೆಯದು ಜಾಗ. ನಮ್ಮ ಊರಿನ ವೀರನಾರಾಯಣ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಬರೆದದ್ದು ಭಾಮಿನಿ ಷಟ್ಪದಿಯಲ್ಲಿ. ನನಗೆ ಅದು ಬಹಳ ಇಷ್ಟ. ಆದರೆ ಆರು ಸಾಲು ನನ್ನ ಒಂದು ಗೇಣಿನಲ್ಲಿ ಹಿಡಿಸುವುದಿಲ್ಲ. ಎರಡನೆಯದು, ತ್ರಿಪದಿ ನಮ್ಮ ಮಂದಿಯ ನಾಲಿಗೆಯ ಮೇಲೆ ಮೊದಲೇ ಇದೆ. ಬಾದಾಮಿಯಲ್ಲಿ ಕಪ್ಪೆ ಅರಭಟ್ಟನ ಶಾಸನ ಇದೆಯಲ್ಲ, ಸುಮಾರು ಕ್ರಿ.ಶ. 700ರದು, ಅದರಲ್ಲಿರುವುದೂ ತ್ರಿಪದಿಯೇ. ಸರ್ವಜ್ಞ ಹೇಳಿದ್ದೂ ಅದರಲ್ಲೇ, ನಮ್ಮ ಆಯಿ ಹಾಡಿದ್ದೂ ಅದರಲ್ಲೇ.

ಲೆಕ್ಕ ಹೀಗೆ. ಗಣ ಅಂದರೆ ಲಯಕ್ಕೆ ಕೂಡಿಸಿದ ಅಕ್ಷರಗಳ ಗುಂಪು. ಮೊದಲ ಸಾಲಿಗೆ ನಾಲ್ಕು ಗಣ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು. ಒಟ್ಟು ಹನ್ನೊಂದು. ಅದರಲ್ಲಿ ಆರನೆಯದು ಮತ್ತು ಹತ್ತನೆಯದು ಗಿಡ್ಡ, ಬ್ರಹ್ಮಗಣ. ಉಳಿದವು ಉದ್ದ, ವಿಷ್ಣುಗಣ. ಮೂರೂ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕು, ಅದು ಪ್ರಾಸ. ನಾನು ಗಣ ಎಣಿಸಿ ಬರೆಯುವುದಿಲ್ಲ. ಗೂಟ ತಿರುಗಿಸುವ ಹಾಗೆ ಕೈ ಆಡಿಸುತ್ತಾ ಹೇಳಿಕೊಳ್ಳುತ್ತೇನೆ. ಎರಡನೇ ಸಾಲಿನಲ್ಲಿ ಕೈ ಒಂದು ಕಡೆ ಸಣ್ಣಗೆ ತಡೆದು ಮುಂದೆ ಹೋಗುತ್ತದೆ. ಅಲ್ಲಿ ಗಿಡ್ಡ ಪದ ಕೂರಬೇಕು. ಕೂರದಿದ್ದರೆ ಕೈಗೇ ಗೊತ್ತಾಗುತ್ತದೆ.

ಮೊದಮೊದಲು ನಾನು ಬರೆದ ಪದ್ಯಗಳಲ್ಲಿ ಬೆಳಕು, ಭರವಸೆ, ನಾಳೆ, ಕನಸು, ಇವೇ ತುಂಬಿರುತ್ತಿದ್ದವು. ಧೈರ್ಯ ಕೊಡುವ ಕವಿತೆ ಅಂದರೆ ಆ ಮಾತುಗಳು ಇರಲೇಬೇಕು ಅಂದುಕೊಂಡಿದ್ದೆ. ಮಂದಿ ಓದುತ್ತಿದ್ದರು, ಚಂದ ಐತಿ ಅನ್ನುತ್ತಿದ್ದರು, ಹಿಟ್ಟು ತಗೊಂಡು ಹೋಗುತ್ತಿದ್ದರು. ಯಾರೂ ಗುನುಗುತ್ತಿರಲಿಲ್ಲ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. ನಮ್ಮ ಕಡೆ ಹೊಲಗಳು ಬಾಯಿ ಬಿಟ್ಟಿದ್ದವು. ಗಿರಣಿಗೆ ಬರುವ ಚೀಲಗಳು ಸಣ್ಣವಾದವು. ಐದು ಕೆಜಿ ತರುವವರು ಎರಡು ತಂದರು. ಆಗ ನಾನು ಹೀಗೆ ಬರೆದೆ:

ಮಳಿರಾಯ ಬರತಾನ ಮನದುಂಬಿ ನಗತಾನ
ಬೆಳಿಯೆಲ್ಲ ತೂಗಿ ತೊನೆದಾವ ರೈತಣ್ಣ
ಅಳಬ್ಯಾಡ ನಾಳೆ ನಿನದೈತಿ

ಪ್ರಾಸ ಸರಿ, ಲಯ ಸರಿ. ಬರೆದು ನನಗೇ ಖುಷಿಯಾಗಿತ್ತು. ಪಕ್ಕದ ಹಳ್ಳಿಯಿಂದ ಬರುವ ಒಬ್ಬ ಅಜ್ಜಿ ಇದ್ದಳು. ಅವಳಿಗೆ ಓದು ಬಾರದು. ಯಾರೋ ಓದಿ ಹೇಳಿದರು. ಅಜ್ಜಿ ನನ್ನ ಮುಖ ನೋಡಿ ಕೇಳಿದಳು: "ನಾಳಿ ಅಂದ್ರ ಯಾವಾಗ, ಯವ್ವಾ?"

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಚೀಲ ಬಿಚ್ಚಿದೆ. ರೇಷನ್ ಜೋಳ, ಎರಡು ಕೆಜಿಯೂ ಇಲ್ಲ. "ಹೊಲದ ಜ್ವಾಳ ಎಲ್ಲಾ ಮುಗೀತೇನು ಆಯಿ?" ಅಂತ ಕೇಳಿದೆ. "ಐತಿ, ಗಡಗ್ಯಾಗ ಐತಿ. ಅದು ಬಿತ್ತೋದು. ಅದನ್ನ ಗಿರಣಿಗೆ ತರತಾರೇನು?" ಅಂದಳು. ಇಂಥಾ ಮಾತು ಕೇಳುವವಳು ಎಂಥಾ ದಡ್ಡಿ ಅನ್ನುವ ಹಾಗಿತ್ತು ಅವಳ ಮುಖ.

ಅವಳು ಹೋದ ಮೇಲೆ ಒದ್ದೆ ಬಟ್ಟೆ ತಗೊಂಡು ಹಲಗೆ ಒರೆಸಿದೆ. ಮರುದಿನ ಬೆಳಗ್ಗೆ ಬರೆದದ್ದು ಇದು:

ಗಡಗ್ಯಾಗ ಬಿತ್ತೂವ ಬೀಜೈತಿ ನಮ್ಮನ್ಯಾಗ
ಬಡತಾನ ಬಂದು ಕೇಳಿದರ ಕೊಡಲೊಲ್ಲೆ
ತಡದೇನ ಇನ್ನು ಒಂದ್ಹೊತ್ತ

ಇದರಲ್ಲಿ ನನ್ನದೇನೂ ಇಲ್ಲ. ಅಜ್ಜಿ ಹೇಳಿದ್ದನ್ನು ಲಯಕ್ಕೆ ಕೂರಿಸಿದ್ದಷ್ಟೇ. ಮುಂದಿನ ವಾರ ಅವಳಿಗೆ ಓದಿ ಹೇಳಿದೆ. ಕೇಳಿದಳು, ಸ್ವಲ್ಪ ಹೊತ್ತು ಸುಮ್ಮನೆ ಇದ್ದಳು. ಆಮೇಲೆ, "ಹೂಂ, ಇದು ಖರೆ" ಅಂದಳು. ಇಷ್ಟು ವರ್ಷದಲ್ಲಿ ನನ್ನ ಪದ್ಯಕ್ಕೆ ಅದಕ್ಕಿಂತ ದೊಡ್ಡ ಮಾತು ಸಿಕ್ಕಿಲ್ಲ.

ಎರಡೂ ಪದ್ಯ ಪಕ್ಕಪಕ್ಕ ಇಟ್ಟು ನೋಡಿದೆ. ಮೊದಲನೆಯದರಲ್ಲಿ ನಾನು ಹೊಟ್ಟೆ ತುಂಬಿದವಳು, ಇನ್ನೊಬ್ಬರಿಗೆ ಅಳಬೇಡ ಅಂತ ಹೇಳುತ್ತಿದ್ದೆ. ಎರಡನೆಯದರಲ್ಲಿ ಒಬ್ಬಳು ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಅವಳ ಕೈಯಲ್ಲಿ ಒಂದು ಗಡಿಗೆ ಇದೆ. ಹಸಿವೂ ಅಲ್ಲೇ ಇದೆ, ಅದನ್ನು ಮುಚ್ಚಿಟ್ಟಿಲ್ಲ. ಅಂದಿನಿಂದ ನಾನು ಹಿಡಿದ ಪದ್ಧತಿ ಇಷ್ಟು. ಕಣ್ಣಿಗೆ ಕಾಣುವ ಒಂದು ವಸ್ತು ಸಿಗುವವರೆಗೆ ಸೀಮೆಸುಣ್ಣ ಮುಟ್ಟುವುದಿಲ್ಲ. ಇನ್ನೊಬ್ಬರಿಗೆ ಬುದ್ಧಿ ಹೇಳುವ ಸಾಲು ಬಂದರೆ ಅಲ್ಲೇ ಅಳಿಸುತ್ತೇನೆ.

ಇದು ಗೊತ್ತಾದ ಮೇಲೆ ದೊಡ್ಡವರ ಪದ್ಯಗಳೂ ನನಗೆ ಬೇರೆ ಥರ ಕಾಣತೊಡಗಿದವು. ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರು 'ತಲ್ಲಣಿಸದಿರು ಕಂಡ್ಯ ತಾಳು ಮನವೇ' ಅಂತ ಹಾಡಿದರು. ಎಷ್ಟು ಸಲ ಕೇಳಿದ್ದೆ! ಅವರು ಯಾರಿಗೆ ಹೇಳುತ್ತಿದ್ದಾರೆ ಅಂತ ಮಾತ್ರ ಗಮನಿಸಿರಲಿಲ್ಲ. ತಮ್ಮ ಮನಸ್ಸಿಗೇ ಹೇಳುತ್ತಿದ್ದಾರೆ. ಅಂದರೆ ಅವರ ಮನಸ್ಸೂ ತಲ್ಲಣಿಸುತ್ತಿತ್ತು. ಆಮೇಲೆ ತೋರಿಸುವುದೇನು?

ಬೆಟ್ಟದಾ ತುದಿಯಲ್ಲಿ ಹುಟ್ಟಿರುವ ವೃಕ್ಷಕ್ಕೆ
ಕಟ್ಟೆಯನು ಕಟ್ಟಿ ನೀರೆರೆದವರು ಯಾರು

ಒಂದು ಮರ. ಕಪ್ಪತಗುಡ್ಡ ಹತ್ತಿದರೆ ಅಂಥಾ ಮರ ಯಾರಿಗಾದರೂ ಕಾಣುತ್ತದೆ. ದೇವರನ್ನು ನಂಬದವರೂ ಆ ಮರವನ್ನು ನಂಬಬಹುದು.

ಧಾರವಾಡದ ಬೇಂದ್ರೆಯವರು ಹಲವು ಮಕ್ಕಳನ್ನು ಕಳೆದುಕೊಂಡವರು. ಮಗು ತೀರಿಕೊಂಡಾಗ ಆ ನೋವನ್ನೇ ಬರೆದವರು. ಅದೇ ಕೈ 'ಯುಗ ಯುಗಾದಿ ಕಳೆದರೂ ಯುಗಾದಿ ಮರಳಿ ಬರುತಿದೆ' ಅಂತಲೂ ಬರೆಯಿತು. ಪ್ರತಿ ಯುಗಾದಿಗೆ ಹಲಗೆಯ ಮೇಲೆ ಆ ಸಾಲು ಬರೆಯುವಾಗ ನನಗೆ ಆ ಮಕ್ಕಳು ನೆನಪಾಗುತ್ತಾರೆ. 'ಕಳೆದರೂ' ಅನ್ನುವ ಮಾತಿನ ಮೇಲೆ ಸೀಮೆಸುಣ್ಣ ಒಂದು ಕ್ಷಣ ನಿಲ್ಲುತ್ತದೆ.

ಮೋಟಾರು ನಡೆಯುವಾಗ ಗಿರಣಿಯಲ್ಲಿ ಹಾಡು ಕೇಳಿಸುವುದಿಲ್ಲ. ಹಾಗಾಗಿ ಹಲಗೆ ಓದಿಸುವ ಕೆಲಸ ಅಷ್ಟೇ ಮಾಡುತ್ತಿತ್ತು. ಒಂದು ಶನಿವಾರ ಸಂಜೆ ಕರೆಂಟ್ ಹೋಯಿತು. ಒಳಗೆ ಏಳೆಂಟು ಹೆಂಗಸರು. ಬೆಲ್ಟ್ ಸುತ್ತುತ್ತಾ ಸುತ್ತುತ್ತಾ ನಿಧಾನಕ್ಕೆ ನಿಂತಿತು. ಹಿಟ್ಟು ಬೀಳುವ ಬಾಯಿಗೆ ಕಟ್ಟಿದ ಬಟ್ಟೆ ಇಳಿಬಿದ್ದಿತು. ಗಾಳಿಯಲ್ಲಿದ್ದ ಹಿಟ್ಟಿನ ಪುಡಿ ಬಾಗಿಲ ಬಿಸಿಲಿನಲ್ಲಿ ಮೆಲ್ಲಗೆ ಇಳಿಯುತ್ತಿತ್ತು. ಯಾರೋ ಒಬ್ಬಳು ಹಲಗೆ ನೋಡಿ ರಾಗ ತೆಗೆದಳು. ಆ ದಿನದ ಪದ ಇದು:

ಕಲ್ಲೀನ ಸಂದ್ಯಾಗ ಬೇವೀನ ಬೀಜೊಂದ
ಎಲ್ಲಾರು ಮರತು ಕೂತಾಗ ಚಿಗರೈತಿ
ಮೆಲ್ಲಾಕ ಎರಡು ಎಲಿಬಿಟ್ಟು

ನಮ್ಮ ಗಿರಣಿಯ ಹಿಂದಿನ ಗೋಡೆಯಲ್ಲೇ ಆ ಬೇವು ಹುಟ್ಟಿತ್ತು. ಕಿತ್ತು ಹಾಕಬೇಕು ಅಂತ ಮನೆಯವರು ಹೇಳುತ್ತಲೇ ಇದ್ದರು. ಆಕೆ ಎರಡನೇ ಸಾಲನ್ನು ಎರಡು ಸಲ ತಿರುವಿ ಹಾಡಿದಳು, ಬೀಸುವಾಗ ಹಾಡುವ ಹಾಗೇ. ತಿರುವಿದಾಗ ಉಳಿದವರು ಕೂಡಿಕೊಂಡರು. ಒಬ್ಬ ಮುದುಕಿಯ ಬಲಗೈ ತಾನಾಗಿ ಸುತ್ತತೊಡಗಿತು, ಇಲ್ಲದ ಗೂಟ ಹಿಡಿದು. ಅವಳಿಗೇ ಅದು ಗೊತ್ತಿರಲಿಲ್ಲ. ಕರೆಂಟ್ ಬಂದಾಗ ನಾನು ಸ್ವಿಚ್ಚು ಹಾಕಲಿಲ್ಲ. ಹಾಡು ಮುಗಿಯಲಿ ಅಂತ ಕಾದೆ. ಬೇವಿನ ಗಿಡವನ್ನು ಈಗಲೂ ಯಾರೂ ಕಿತ್ತಿಲ್ಲ. ಗೋಡೆಗೆ ಏನಾಗುತ್ತದೋ ನೋಡೋಣ.

ದಿನಾ ಇಂಥಾ ಪದ ಬರುವುದಿಲ್ಲ. ಬಾರದ ದಿನ ಹಳೆಯದನ್ನೇ ಬರೆಯುತ್ತೇನೆ, ಇಲ್ಲವೇ ಸರ್ವಜ್ಞ ಇದ್ದಾನೆ. ಕೆಲವು ದಿನ ಬರೆಯುವುದೇ ಇಲ್ಲ. ಓಣಿಯಲ್ಲಿ ಸಾವಾದ ದಿನ ಹಲಗೆಯ ಕೆಳಭಾಗ ಖಾಲಿ ಬಿಡುತ್ತೇನೆ. ಒಮ್ಮೆ ಗಂಡನನ್ನು ಕಳೆದುಕೊಂಡ ಹುಡುಗಿ ಮೊದಲ ಸಲ ಗಿರಣಿಗೆ ಬಂದಾಗ ಹಲಗೆಯಲ್ಲಿ ಹಬ್ಬದ ಪದ ಇತ್ತು. ಅವಳು ಚಪ್ಪಲಿ ಬಿಡುವಷ್ಟರಲ್ಲಿ ಅಂಗೈಯಿಂದ ಒರೆಸಿದೆ. ಹಿಟ್ಟಿನ ಕೈ, ಹಲಗೆಯೆಲ್ಲಾ ಬಿಳಿ ಆಯಿತು. ಅವಳ ಗೋಧಿಯನ್ನು ಎಲ್ಲರಿಗಿಂತ ಮೊದಲು ಬೀಸಿಕೊಟ್ಟೆ. ಆವತ್ತು ಅಷ್ಟೇ ಸಾಕಿತ್ತು.

ಖುಷಿಯ ಪದ ಬರೆಯುವುದು ನನಗೆ ಇನ್ನೂ ಕಷ್ಟ. ದುಃಖಕ್ಕೆ ಎದುರು ನಿಲ್ಲುವ ಮಾತು ಹೇಗೋ ಸಿಗುತ್ತದೆ. ಸುಮ್ನೆ ಸಂತೋಷ ಆದಾಗ ಮಾತು ತಪ್ಪಿಸಿಕೊಳ್ಳುತ್ತದೆ. ಒಂದು ಮಾತ್ರ ಸರಿಯಾಗಿ ಬಂದಿದೆ ಅಂತ ನನ್ನ ನಂಬಿಕೆ. ಮೊಮ್ಮಗ ರಜೆಗೆ ಬಂದಿದ್ದ. ಬಿಸಿ ಹಿಟ್ಟಿಗೆ ಕೈ ಹಾಕಲು ಓಡಿ ಬಂದ. ಹಿಡಿದೆ.

ಹಿಟ್ಟೀನ ಕೈಯೀಲೆ ಮೊಮ್ಮಗನ ಮುಟ್ಟಿದೆ
ಪುಟ್ಟ ಮೂಗೆಲ್ಲ ಬೆಳ್ಳಾಗಿ ನಗತಾನ
ಹುಟ್ಟ್ಯಾನ ಚಂದ್ರ ಗಿರಣ್ಯಾಗ

ಇದನ್ನು ಒಂದು ವಾರ ಅಳಿಸಲಿಲ್ಲ. ಯಾರೂ ಬೇಡ ಅನ್ನಲಿಲ್ಲ.

ಈಗೀಗ ಗಿರಾಕಿಗಳೇ ಸಾಲು ತರುತ್ತಾರೆ. ಜೋಳದ ಚೀಲದ ಜೊತೆ ಚೀಟಿ ಬರುತ್ತದೆ. ಬರೆಯಲು ಬಾರದವರು ಬಾಯಿಂದ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ನಿನ್ನೆ ನೇಕಾರರ ಓಣಿಯ ಒಬ್ಬ ಅಕ್ಕ ಬಂದಿದ್ದಳು. ಬೆಟಗೇರಿಯಲ್ಲಿ ಮೊದಲಿನ ಹಾಗೆ ಕೈಮಗ್ಗಗಳಿಲ್ಲ, ಅವಳ ಮನೆಯದೂ ನಿಂತಿದೆ. ಸಜ್ಜೆ ಸುರಿದು, ತೂಕ ಆಗುವಾಗ, ನನ್ನ ಕಡೆ ನೋಡದೆ ಹೇಳಿದಳು:

ಮಗ್ಗಾದ ಸಪ್ಪಾಳ ನಿಂತೈತಿ ಓಣ್ಯಾಗ
ಮೊಗ್ಗೀನ ಗಿಡಕ ನೀರ್ಹಾಕಿ ಬಂದೀನಿ

ನಾನು ಸೀಮೆಸುಣ್ಣ ಹಿಡಿದು ಕಾದೆ. "ಮುಂದ, ಅಕ್ಕಾ?"

"ಇನ್ನೂ ಬಂದಿಲ್ಲ. ಹಲಗಿ ಅಳಿಸಬ್ಯಾಡ. ಗೋದಿ ಬೀಸೋದೈತಿ, ನಾಳಿ ಬರತೀನಿ" ಅಂದು, ಡಬ್ಬಿ ಸೊಂಟಕ್ಕೆ ಏರಿಸಿಕೊಂಡು ಹೋದಳು.

ಎರಡು ಸಾಲು ಹಾಗೇ ಇವೆ. ಕೆಳಗೆ ಒಂದು ಸಾಲಿನ ಜಾಗ ಬಿಟ್ಟಿದ್ದೇನೆ.