ಬುಸ್ ಎನ್ನುವ ಮರಿ ಮಡಿಲಿಗೆ ಬರುವ ತನಕ

ನಮ್ಮನೆ ಬೆಕ್ಕಿನ ಹೆಸರು ಸಾಸಿವೆ. ಬಣ್ಣ ನೋಡಿ ಇಟ್ಟ ಹೆಸರಲ್ಲ. ಮೈಸೂರಿನ ನಮ್ಮ ಬಾಡಿಗೆ ಮನೆಯ ಹಿಂದೆ, ಸಂಪಿನ ಮೋಟಾರಿಗೆ ಮುಚ್ಚಿದ್ದ ತಗಡಿನ ಡಬ್ಬದೊಳಗೆ ಮಳೆಗೆ ನೆಂದು ಕೂತಿದ್ದ ಪುಟ್ಟ ಮರಿ ಅದು. ಹತ್ತಿರ ಹೋದರೆ ಸಾಕು, ಕಾದ ಎಣ್ಣೆಗೆ ಬಿದ್ದ ಸಾಸಿವೆ ಥರ ಸಿಡಿಯುತ್ತಿತ್ತು. ಕಿವಿ ಎರಡೂ ತಲೆಗೆ ಅಂಟಿಸಿಕೊಂಡು, ಬೆನ್ನು ಬಿಲ್ಲು ಮಾಡಿ, ಬುಸ್ ಅಂತ ಹಾವಿನಂಥ ಸದ್ದು. ಅಲ್ಲಿಯವರೆಗೆ ನಾನು ಬೆಕ್ಕು ಸಾಕಿದವಳಲ್ಲ. ಜಾಸ್ತಿ ಹೆದರಿದ್ದು ಅದೋ ನಾನೋ, ಹೇಳುವುದು ಕಷ್ಟ.

ಬುಸ್ ಅನ್ನುವ ಮರಿಯನ್ನು ಜನ ಸಿಟ್ಟಿನ ಮರಿ ಅಂದುಕೊಳ್ಳುತ್ತಾರೆ. ಅದು ಒಳಗೆ ನಡುಗುತ್ತಿರುತ್ತದೆ ಅಷ್ಟೇ. ಬೀದಿಯಲ್ಲಿ ಹುಟ್ಟಿ, ಮನುಷ್ಯರ ಕೈ ಸೋಕದೆ ಬೆಳೆದ ಮರಿಗೆ ನಾವು ಅಂದರೆ ತನ್ನನ್ನು ತಿನ್ನಲು ಬಂದ ದೊಡ್ಡ ಪ್ರಾಣಿ. ಹಾಗಾಗಿ ಪಳಗಿಸುವ ಕೆಲಸವೆಲ್ಲ ಒಂದೇ ಮಾತಿನಲ್ಲಿದೆ: ನೀವು ಅದರ ಹತ್ತಿರ ಹೋಗಬೇಡಿ, ಅದೇ ನಿಮ್ಮ ಹತ್ತಿರ ಬರುವ ಹಾಗೆ ಮಾಡಿ. ಕೇಳುವುದಕ್ಕೆ ಸುಲಭ. ಮಾಡಲು ಕೂತರೆ ಕೈ ತುರಿಸುತ್ತದೆ.

ಎತ್ತಿಕೊಳ್ಳುವ ಮೊದಲು

ಬೆಕ್ಕು ತನ್ನ ಮರಿಗಳಿಗೆ ಏಳು ಮನೆ ತೋರಿಸುತ್ತದೆ ಅನ್ನುತ್ತಾರಲ್ಲ, ಏಳೋ ಮೂರೋ, ತಾಯಿ ಜಾಗ ಬದಲಿಸುವುದಂತೂ ನಿಜ. ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಸಾಗಿಸುವಾಗ ಕೊನೆಯ ಮರಿ ಒಂಟಿಯಾಗಿ ಕಂಡರೆ ಅನಾಥ ಅಂತ ಎತ್ತಿಕೊಂಡು ಬಂದುಬಿಡುತ್ತೇವೆ. ದೂರ ನಿಂತು ಕೆಲವು ಗಂಟೆ ನೋಡಿ. ನಮ್ಮ ಮರಿಯ ತಾಯಿ ಎರಡು ರಾತ್ರಿ ಕಳೆದರೂ ಬರಲಿಲ್ಲ. ಆಮೇಲೆ ತಂದೆವು.

ಇನ್ನೊಂದು ಮಾತು. ಮಂಡ್ಯದ ಕಡೆ ಕಬ್ಬು ಕಡಿಯುವಾಗಲೋ, ತೋಟದ ಮನೆಯ ಅಟ್ಟದಲ್ಲೋ ಸಿಕ್ಕಿದ ಮರಿಯಾದರೆ ಅದು ಮನೆ ಬೆಕ್ಕೇ ಆಗಿರಬೇಕಿಲ್ಲ. ಕಾಡುಬೆಕ್ಕು ಇರಬಹುದು, ಪುನುಗು ಬೆಕ್ಕು ಇರಬಹುದು. ಇವು 1972ರ ವನ್ಯಜೀವಿ ಕಾಯ್ದೆಯಡಿ ಬರುವ ಪ್ರಾಣಿಗಳು, ಸಾಕುವ ಹಾಗಿಲ್ಲ. ಅನುಮಾನ ಬಂದರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ.

ಮರಿಯ ವಯಸ್ಸು ಗೊತ್ತಿರಬೇಕು. ಎರಡರಿಂದ ಏಳು ವಾರದೊಳಗೆ ಮನುಷ್ಯರ ಒಡನಾಟ ಸಿಕ್ಕಿದ ಮರಿ ಬೇಗ ಹೊಂದಿಕೊಳ್ಳುತ್ತದೆ. ಎಂಟು ಹತ್ತು ವಾರದ್ದೂ ಪಳಗುತ್ತದೆ, ತಾಳ್ಮೆ ಜಾಸ್ತಿ ಬೇಕು. ನಾಲ್ಕು ತಿಂಗಳು ದಾಟಿದ್ದು ಒಲಿದರೆ ನಿಮ್ಮ ಪುಣ್ಯ. ಅಂಥದಕ್ಕೆ ಸಂತಾನಹರಣ ಮಾಡಿಸಿ, ಅದರ ಜಾಗಕ್ಕೇ ಬಿಟ್ಟು, ದಿನಾ ಊಟ ಹಾಕುವುದೇ ಎಷ್ಟೋ ಸಲ ಒಳ್ಳೆಯದು. ವಯಸ್ಸು ಅಂದಾಜು ಮಾಡಲು ಅಡುಗೆ ಮನೆಯ ತಕ್ಕಡಿ ಸಾಕು: ನಾಲ್ಕು ವಾರಕ್ಕೆ ಸುಮಾರು 450 ಗ್ರಾಂ, ಎಂಟು ವಾರಕ್ಕೆ 900 ಗ್ರಾಂ. ಬೀದಿ ಮರಿ ಸೊರಗಿರುವುದರಿಂದ ಕಣ್ಣನ್ನೂ ನೋಡಿ. ಹುಟ್ಟಿದಾಗಿನ ನೀಲಿ ಬಣ್ಣ ಆರು ಏಳು ವಾರದ ಹೊತ್ತಿಗೆ ಬದಲಾಗತೊಡಗುತ್ತದೆ. ಸಾಸಿವೆ 620 ಗ್ರಾಂ ಇತ್ತು, ಕಣ್ಣಂಚಿಗೆ ಹಸಿರು ಬರುತ್ತಿತ್ತು. ನಾಲ್ಕು ವಾರಕ್ಕಿಂತ ಚಿಕ್ಕದಾದರೆ ಬಾಟಲಿಯಲ್ಲಿ ಹಾಲು ಕುಡಿಸುವ ಬೇರೆಯದೇ ಕೆಲಸ. ಅದನ್ನು ಪಶುವೈದ್ಯರನ್ನು ಕೇಳಿಯೇ ಮಾಡಿ.

ಮೊದಲು ಡಾಕ್ಟರು, ಆಮೇಲೆ ಕೋಣೆ

ದಪ್ಪ ಟವೆಲ್ಲು ಮೇಲೆ ಹಾಕಿ, ಟವೆಲ್ಲಿನ ಸಮೇತ ಮರಿಯನ್ನು ಗಾಳಿಯಾಡುವ ಪೆಟ್ಟಿಗೆಗೆ ಇಳಿಸಿ, ನೇರ ಪಶುವೈದ್ಯರ ಹತ್ತಿರ ಹೋಗಿ. ಜಂತುಹುಳದ ಔಷಧ, ಚಿಗಟಕ್ಕೆ ಮದ್ದು, ಹುಳುಕಡ್ಡಿ ಇದೆಯಾ ಅಂತ ಪರೀಕ್ಷೆ, ಇಷ್ಟು ಮೊದಲ ದಿನವೇ ಆಗಲಿ. ಹುಳುಕಡ್ಡಿ ನಮಗೂ ಅಂಟುತ್ತದೆ. ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಎರಡು ವಾರ ಒಂದರ ಮುಖ ಇನ್ನೊಂದಕ್ಕೆ ತೋರಿಸಬೇಡಿ.

ಕಚ್ಚಿತಾ, ಪರಚಿತಾ? 'ಮರಿ ತಾನೇ' ಅಂತ ಬಿಡಬೇಡಿ. ನಲ್ಲಿ ನೀರಿನ ಕೆಳಗೆ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಶುರು ಮಾಡಿಸಿ. ನಾನೂ ಹಾಕಿಸಿಕೊಂಡೆ. ತೋಳು ಎರಡು ದಿನ ಭಾರ ಇತ್ತು, ಅಷ್ಟೇ.

ಮನೆಗೆ ಬಂದ ಮೇಲೆ ಇಡೀ ಮನೆ ಕೊಡಬೇಡಿ. ಮಂಚದ ಕೆಳಗೋ ಬೀರುವಿನ ಹಿಂದೋ ಸೇರಿಕೊಂಡರೆ ವಾರಗಟ್ಟಲೆ ಅದರ ಬಾಲವೂ ಕಾಣಿಸುವುದಿಲ್ಲ. ಒಂದು ಚಿಕ್ಕ ಕೋಣೆ ಸಾಕು, ಬಳಸದ ಬಚ್ಚಲಾದರೂ ಆದೀತು. ಅಡಗಿಕೊಳ್ಳಲು ನೀವೇ ಒಂದು ಜಾಗ ಕೊಡಿ: ಮಗ್ಗುಲಿಗೆ ಮಲಗಿಸಿದ ರಟ್ಟಿನ ಡಬ್ಬ, ಒಳಗೆ ಹಳೆ ಕಾಟನ್ ಸೀರೆ. ಬಿಲದಂಥ ಜಾಗ ಇದ್ದರೆ ಅದಕ್ಕೆ ಧೈರ್ಯ. ಒಂದು ಮೂಲೆಗೆ ಕಕ್ಕಸಿಗೆ ಅಂತ ಮರಳಿನ ಟ್ರೇ, ಅದರಿಂದ ದೂರದಲ್ಲಿ ಊಟ ಮತ್ತು ನೀರು. ಮರಳಿನ ಬದಲು ಟ್ರೇಗೆ ಹಾಕುವ, ಒದ್ದೆಯಾದರೆ ಗಟ್ಟಿಯಾಗುವ ಅಂಗಡಿಯ ಲಿಟ್ಟರ್ ಈಗಲೇ ಬೇಡ, ಚಿಕ್ಕ ಮರಿಗಳು ಅದನ್ನು ತಿಂದು ನೋಡುತ್ತವೆ. ಆ ಕೋಣೆಯನ್ನು ಫಿನಾಯಿಲ್ ಹಾಕಿ ಒರೆಸಬೇಡಿ, ನುಸಿಗುಳಿಗೆ ಇಡಬೇಡಿ. ನಾಯಿಗೆ ತಂದ ಉಣ್ಣಿ ಪೌಡರ್ ಹಚ್ಚಬೇಡಿ. ಮೈ ಬಿಸಿಯಿದೆ ಅಂತ ಪ್ಯಾರಸಿಟಮಾಲ್ ಕೊಟ್ಟರೆ ಬೆಕ್ಕು ಉಳಿಯುವುದೇ ಕಷ್ಟ. ಸ್ನಾನವೂ ಬೇಡ.

ಊಟದ ವಿಷಯಕ್ಕೆ ಬಂದರೆ ನಮ್ಮಮ್ಮನ ಮಾತು ಕೇಳಿ. "ಅಯ್ಯೋ, ಇದಕ್ಕೇನೇ ಇಷ್ಟೊಂದು? ಹಾಲನ್ನ ಕಲಸಿಡೇ, ತಾನೇ ಬರುತ್ತೆ." ಅವರ ಕಾಲದ ಬೆಕ್ಕುಗಳು ಹಾಲನ್ನ ತಿಂದೇ ಬೆಳೆದವು ನಿಜ, ಆದರೆ ಅವು ಕಣಜದ ಹತ್ತಿರ ಇಲಿ ಹಿಡಿದು ಹೊಟ್ಟೆ ತುಂಬಿಸಿಕೊಂಡು, ಹಾಲನ್ನವನ್ನು ನಾವು ಊಟದ ಮೇಲೆ ಬಾಳೆಹಣ್ಣು ತಿಂದ ಹಾಗೆ ತಿನ್ನುತ್ತಿದ್ದವು. ಕೋಣೆಯಲ್ಲಿ ಕೂಡಿಹಾಕಿದ ಮರಿಗೆ ಇಲಿ ಎಲ್ಲಿಂದ ಬರಬೇಕು? ಹಸುವಿನ ಹಾಲು ಅದಕ್ಕೆ ಸುಲಭಕ್ಕೆ ಜೀರ್ಣವಾಗದೆ ಭೇದಿ ಶುರುವಾಗುತ್ತದೆ. ಟಾರಿನ್ ಎನ್ನುವ ಅಂಶ ಬೆಕ್ಕಿಗೆ ಮಾಂಸದಿಂದಲೇ ಬರಬೇಕು, ಅದಿಲ್ಲದಿದ್ದರೆ ಕಾಲಕ್ರಮೇಣ ಕಣ್ಣೂ ಹೃದಯವೂ ಕೆಡುತ್ತವೆ. ನಮ್ಮದು ಮಾಂಸ ತರದ ಮನೆ. ಮರಿಗಳಿಗೆಂದೇ ಸಿಗುವ ಮೆತ್ತನೆ ಊಟದ ಪ್ಯಾಕೆಟ್ ತಂದು, ಅದಕ್ಕೊಂದು ಬೇರೆ ಚಮಚ ಇಟ್ಟು, ಚಮಚಕ್ಕೆ ಕೆಂಪು ದಾರ ಕಟ್ಟಿದ್ದೇವೆ, ಗೊತ್ತಾಗಲಿ ಅಂತ. ಮಾಂಸ ಮಾಡುವವರು ಚಿಕನ್ ಬೇಯಿಸಿ ಹಿಚುಕಿ ಬೆರೆಸಿ ಕೊಡಬಹುದು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಮಾತ್ರ ಸೋಕಬಾರದು.

ಒಂದೊಂದೇ ಟೈಲ್ಸ್

ನಮ್ಮ ಸ್ಟೋರ್ ರೂಮಿನ ನೆಲಕ್ಕೆ ಒಂದಡಿಯ ಟೈಲ್ಸ್. ಅದೇ ನನ್ನ ಅಳತೆಗೋಲು ಆಯಿತು. ದಿನಕ್ಕೆ ನಾಲ್ಕು ಸಲ ಊಟ. ಮೊದಲ ಒಂದು ದಿನ ತಟ್ಟೆ ಇಟ್ಟು ಆಚೆ ಬಂದುಬಿಡಿ, ಉಸಿರಾಡಲಿ ಪಾಪ. ಎರಡನೇ ದಿನದಿಂದ ನೀವಿದ್ದರೆ ಮಾತ್ರ ಊಟ, ನೀವು ಎದ್ದರೆ ತಟ್ಟೆಯೂ ಎದ್ದಿತು. ನೀರು ಯಾವಾಗಲೂ ಇರಲಿ. ಗೋಡೆಗೆ ಒರಗಿ ನೆಲದ ಮೇಲೆ ಕೂತುಕೊಳ್ಳಿ, ನಿಂತರೆ ನೀವು ಅದಕ್ಕೆ ತೆಂಗಿನ ಮರದಷ್ಟು ಎತ್ತರ. ತಟ್ಟೆ ಆರು ಟೈಲ್ಸ್ ದೂರ. ಮರಿಯ ಕಡೆ ನೋಡಬೇಡಿ. ಮೊಬೈಲ್ ನೋಡಿ, ಸೊಪ್ಪು ಬಿಡಿಸಿ, ಪೇಪರ್ ಜೋರಾಗಿ ಓದಿ. ನಿಮ್ಮ ದನಿ ಕಿವಿಗೆ ಬೀಳುತ್ತಿರಲಿ. ಅದು ಆರಾಮಾಗಿ ತಿಂದರೆ ಮರುದಿನ ತಟ್ಟೆಯನ್ನು ಒಂದು ಟೈಲ್ಸ್ ನಿಮ್ಮ ಕಡೆಗೆ ಎಳೆದುಕೊಳ್ಳಿ. ತಿನ್ನದೆ ಸುಮ್ನೆ ನೋಡುತ್ತಾ ಕೂತರೆ ಒಂದು ಟೈಲ್ಸ್ ಹಿಂದಕ್ಕೆ ತಳ್ಳಿ. ಉಪವಾಸ ಕೆಡವಿ ಪಳಗಿಸುವುದು ಬೇಡ. ಒಂದು ದಿನ ಪೂರ್ತಿ ಬಾಯಿಗೆ ಏನೂ ಹಾಕದಿದ್ದರೆ ಡಾಕ್ಟರಿಗೆ ಫೋನ್ ಮಾಡಿ.

ನಾನು ಎಡವಿದ್ದು ನಾಲ್ಕನೇ ದಿನ. ಮೂರು ಟೈಲ್ಸ್ ಹತ್ತಿರ ಬಂದು ಬೆನ್ನು ಹಾಕಿ ತಿನ್ನುತ್ತಿತ್ತು, ಪುಟ್ಟ ಭುಜದ ಮೂಳೆ ಮೇಲೆ ಕೆಳಗೆ ಆಡುತ್ತಿತ್ತು. ಇನ್ನೇನು, ಒಗ್ಗಿತು ಅಂತ ಮೆಲ್ಲಗೆ ಕೈ ಹಾಕಿ ಎತ್ತಿದೆ. ಅಷ್ಟೇ. ಹೆಬ್ಬೆರಳಿಗೆ ಹಲ್ಲು, ಮಣಿಕಟ್ಟಿನಿಂದ ಮೊಣಕೈವರೆಗೆ ಗೀರು, ತಟ್ಟೆ ಬೋರಲು, ಮರಿ ಡಬ್ಬದೊಳಗೆ. ಚುಚ್ಚುಮದ್ದಿನ ಕಥೆ ಇದೇ. ಆಮೇಲೆ ಎರಡು ಊಟ ಬಿಟ್ಟಿತು. ತೆನಾಲಿ ರಾಮಕೃಷ್ಣನ ಬೆಕ್ಕು ಬಿಸಿ ಹಾಲಿಗೆ ಒಂದೇ ಸಲ ಮೂತಿ ಸುಟ್ಟುಕೊಂಡು ಆಮೇಲೆ ಹಾಲು ಕಂಡರೆ ಓಡುತ್ತಿತ್ತಲ್ಲ, ಹಾಗೆ ನನ್ನ ಕೈ ಕಂಡರೆ ಓಡತೊಡಗಿತು. ತಟ್ಟೆ ಮತ್ತೆ ಆರನೇ ಟೈಲ್ಸಿಗೆ ಹೋಯಿತು. ಪೂರ್ತಿ ಒಂದು ವಾರ ಹಾಳು.

ಕಣ್ಣಿನ ಭಾಷೆ ಒಂದಿದೆ, ಅದು ಕೆಲಸ ಮಾಡುತ್ತದೆ. ದಿಟ್ಟಿಸಿ ನೋಡಿದರೆ ಬೆಕ್ಕಿಗೆ ಅದು ಜಗಳದ ಕರೆ. ಅರೆಗಣ್ಣು ಮಾಡಿ, ನಿದ್ದೆ ಬಂದವರ ಹಾಗೆ ನಿಧಾನಕ್ಕೆ ಮುಚ್ಚಿ ತೆರೆದರೆ ಬೆಕ್ಕೂ ಹಾಗೇ ಉತ್ತರ ಕೊಡುತ್ತದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷೆ ಮಾಡಿ ಪ್ರಕಟಿಸಿದ್ದರು. ಹೀಗೆ ಕಣ್ಣು ಮಿಟುಕಿಸಿದ ಅಪರಿಚಿತರು ಚಾಚಿದ ಕೈ ಹತ್ತಿರವೂ ಬೆಕ್ಕುಗಳು ಹೆಚ್ಚು ಬರುತ್ತಿದ್ದವಂತೆ. ಸಾಸಿವೆ ಮೊದಲ ಸಲ ತಿರುಗಿ ಕಣ್ಣು ಮುಚ್ಚಿ ತೆರೆದದ್ದು ಹತ್ತನೇ ದಿನ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ನಿದ್ದೆ ಬಂದಿರುತ್ತೆ ಬಿಡೇ" ಅಂದರು.

ಮುಟ್ಟುವುದು

ಮೊಣಕಾಲ ಪಕ್ಕ ಬಂದು ತಿನ್ನತೊಡಗಿದ ಮೇಲೂ ಕೈ ಚಾಚಬೇಡಿ. ಮೊದಲು ಉದ್ದ ಹಿಡಿಯ ಚಮಚದಿಂದ ನೆಕ್ಕಿಸಿ, ದಿನ ಕಳೆದ ಹಾಗೆ ಹಿಡಿಯನ್ನು ಗಿಡ್ಡ ಹಿಡಿಯಿರಿ, ಕೊನೆಗೆ ಬೆರಳ ತುದಿ. ಅದು ಬೆರಳು ಮೂಸಿ ಕೆನ್ನೆ ಉಜ್ಜಿದರೆ ಅನುಮತಿ ಸಿಕ್ಕ ಹಾಗೆ. ಆಗ ಕೆನ್ನೆ, ಗದ್ದದ ಕೆಳಗೆ, ಕಿವಿಯ ಹಿಂದೆ ಒಂದೆರಡು ಸಲ ಸವರಿ ನಿಲ್ಲಿಸಿ, ಇನ್ನಷ್ಟು ಬೇಕು ಅನ್ನಿಸುವಾಗಲೇ ನಿಲ್ಲಿಸಿ. ತಲೆಯ ಮೇಲಿಂದ ಕೈ ತರಬೇಡಿ, ಹದ್ದು ಎರಗಿದ ಹಾಗಾಗುತ್ತದೆ. ಹೊಟ್ಟೆಯ ತಂಟೆಗೆ ಹೋಗಲೇಬೇಡಿ. ಬಾಲ ಪಟಪಟ ಬಡಿದರೆ, ಬೆನ್ನಿನ ಚರ್ಮ ಅದುರಿದರೆ ಅವತ್ತಿಗೆ ಸಾಕು. ಗುರ್ರ್ ಅನ್ನುತ್ತಾ ಮುಂಗಾಲಿನಿಂದ ಚಪಾತಿ ಹಿಟ್ಟು ನಾದಿದ ಹಾಗೆ ಸೀರೆ ನಾದತೊಡಗಿದರೆ ಗೆದ್ದಿರಿ. ಎತ್ತುವುದು ಇದೆಲ್ಲದರ ಆಮೇಲೆ, ಒಂದು ಕೈ ಎದೆಗೆ, ಇನ್ನೊಂದು ಹಿಂಗಾಲಿಗೆ ಆಸರೆ ಕೊಟ್ಟು. ಎರಡು ಸೆಕೆಂಡ್ ಹಿಡಿದು ಕೆಳಗೆ ಬಿಟ್ಟು ಊಟ ಕೊಡಿ.

ಆಟಕ್ಕೆ ಬೆರಳು ಆಡಿಸಬೇಡಿ. ಈಗ ಮುದ್ದು, ಆರು ತಿಂಗಳಾದ ಮೇಲೆ ಅದೇ ಚಟ ರಕ್ತ ಬರಿಸುತ್ತದೆ. ಕಡ್ಡಿ ಪೊರಕೆಯ ಎರಡು ಕಡ್ಡಿ ಸೇರಿಸಿ ಅದರ ತುದಿಗೆ ಹಳೆ ಲಂಗದ ಲಾಡಿ ಕಟ್ಟಿ ಎಳೆಯಿರಿ. ಹೆದರಿ ಮೂಲೆ ಹಿಡಿದ ಮರಿಯೂ ಲಾಡಿ ಹರಿದಾಡಿದರೆ ತಡೆಯಲಾರದೆ ನೆಗೆಯುತ್ತದೆ. ಆಟ ಮುಗಿದ ಮೇಲೆ ಲಾಡಿ ಎತ್ತಿಡಿ, ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ.

ಒಬ್ಬರಿಗೇ ಒಗ್ಗಿದರೆ ಸಾಲದು. ಎರಡನೇ ವಾರದ ಹೊತ್ತಿಗೆ ಮನೆಯ ಇನ್ನೊಬ್ಬರು ತಟ್ಟೆ ಹಿಡಿದು ಬರಲಿ, ಅವರ ಜೊತೆ ಟೈಲ್ಸ್ ಲೆಕ್ಕ ಮತ್ತೆ ಶುರು, ಈ ಸಲ ಬೇಗ ಮುಗಿಯುತ್ತದೆ. ಮಕ್ಕಳಿಗೆ ಕೂತುಕೊಂಡೇ ಇರಬೇಕು ಅಂತ ಮೊದಲೇ ಹೇಳಿ. ಸದ್ದಿಗೂ ಹೀಗೇ: ಊಟದ ಹೊತ್ತಿಗೆ ದೂರದಲ್ಲಿ ಮಿಕ್ಸಿ ತಿರುಗಲಿ, ಕುಕ್ಕರ್ ಕೂಗಲಿ. ದೀಪಾವಳಿ ವಾರದಲ್ಲಿ ಮಾತ್ರ ಹೊಸದೇನೂ ಕಲಿಸಬೇಡಿ.

ಬಾಗಿಲು ತೆರೆದ ಮೇಲೆ

ಕರೆದರೆ ಬರುವಷ್ಟಾದ ಮೇಲೆ ಬಾಗಿಲು ತೆರೆಯಿರಿ, ರಾತ್ರಿ ಮನೆ ತಣ್ಣಗಾದ ಮೇಲೆ. ಬಾಲ್ಕನಿಗೆ ಬಲೆ ಹಾಕಿರಿ, ಗ್ಯಾಸ್ ಸಿಲಿಂಡರ್ ಹಿಂದಿನ ಸಂದಿಗೆ ಬಟ್ಟೆ ತುರುಕಿ, ವಾಷಿಂಗ್ ಮೆಷಿನ್ ಶುರು ಮಾಡುವ ಮೊದಲು ಒಳಗೆ ಕೈಯಾಡಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಗರ್ಭ ಕಟ್ಟಬಹುದು, ಹಾಗಾಗಿ ಆಪರೇಷನ್ ಯಾವಾಗ ಅಂತ ಡಾಕ್ಟರನ್ನು ಈಗಲೇ ಕೇಳಿಟ್ಟುಕೊಳ್ಳಿ.

ಸಾಸಿವೆ ಮೊದಲ ರಾತ್ರಿ ನಡುಮನೆಯ ಹೊಸ್ತಿಲವರೆಗೆ ಬಂದು, ಫ್ಯಾನ್ ನೋಡಿ ಹೊಟ್ಟೆ ನೆಲಕ್ಕೆ ಅಂಟಿಸಿಕೊಂಡು ವಾಪಸ್ ಓಡಿತು. ಎರಡನೇ ರಾತ್ರಿ ಸೋಫಾ ಕೆಳಗೆ. ಮೂರನೇ ದಿನ ಬೆಳಗ್ಗೆ ಹಾಲು ತೆಗೆಯಲು ಹೋದರೆ ಫ್ರಿಜ್ ಮೇಲೆ ಕೂತು ನನ್ನನ್ನೇ ನೋಡಿ ನಿಧಾನಕ್ಕೆ ಕಣ್ಣು ಮುಚ್ಚಿ ತೆರೆಯಿತು. ಅಲ್ಲಿಗೆ ಹೇಗೆ ಹತ್ತಿತು ಅಂತ ಇವತ್ತಿಗೂ ನಮಗೆ ಗೊತ್ತಾಗಿಲ್ಲ.